ಚಿಕ್ಕಣ್ಣನ ವೈನು, ಕೆಂಪಕ್ಕನ ಸಾರು

ಫೆಬ್ರವರಿ ಒಂಬತ್ತು, ಭಾನುವಾರ. ಬೆಳಗಿನ ಆರು ಗಂಟೆಗೆ ಮೇಜಿನ ಮೇಲೆ ಏಳು ಗ್ಲಾಸುಗಳಿವೆ. ಏಳರಲ್ಲೂ ಅವೇ ಎರಡು ಪೀಪಾಯಿಗಳ ಕೆಂಪು ವೈನಿನ ಬೆರಕೆ. ಪಾಲು ಮಾತ್ರ ಬೇರೆ ಬೇರೆ. ಚಿಕ್ಕಣ್ಣ ಒಂದೊಂದನ್ನೇ ಮೂಸಿ, ಒಂದು ಗುಟುಕನ್ನು ಬಾಯೊಳಗೆ ಆಡಿಸಿ ಬಕೆಟ್ಟಿಗೆ ಉಗುಳುತ್ತಾರೆ. ನಾಲಗೆಯ ಒಗರು ಕಳೆಯಲು ಒಂದು ಚೂರು ಕೊಬ್ಬರಿ ಅಗಿದು ಮುಂದಿನದಕ್ಕೆ ಹೋಗುತ್ತಾರೆ. ನಾಲ್ಕನೆಯ ಗ್ಲಾಸಿನಲ್ಲಿ ಆರು ಪಾಲು ಮೆತ್ತಗಿನ ವೈನಿಗೆ ನಾಲ್ಕು ಪಾಲು ಒಗರು ವೈನು. “ಇದೇ,” ಎನ್ನುತ್ತಾರೆ.

ಬೋರನಕಣಿವೆ ಜಲಾಶಯದ ಹಿನ್ನೀರಿಗೆ ಹತ್ತಿರದಲ್ಲಿದೆ ಗಂಗಾಧರ್ ಅವರ ದ್ರಾಕ್ಷಿ ತೋಟ. ಅದರ ಬೆನ್ನಿಗೇ ವೈನ್ ತಯಾರಿಸುವ ಕಟ್ಟಡ. ಐವತ್ತೆಂಟರ ಚಿಕ್ಕಣ್ಣ ಇಲ್ಲಿಗೆ ಬಂದದ್ದು ಬಳ್ಳಿಗಳಿಗೆ ಕಲ್ಲುಕಂಬ ನೆಡಲು. ಅದಕ್ಕೂ ಮೊದಲು ಹುಳಿಯಾರಿನ ಮಂಡಿಯೊಂದರಲ್ಲಿ ಕೊಬ್ಬರಿ ಆರಿಸುತ್ತಿದ್ದರು; ಒಳಗೆ ಬೂಸ್ಟು ಹಿಡಿದ ಕೊಬ್ಬರಿ ಗಿಟುಕನ್ನು ಮೂಗಿನಿಂದಲೇ ಗುರುತಿಸುತ್ತಿದ್ದರು. ಆ ಮೂಗನ್ನು ನಂಬಿ ಮಾಲೀಕರು ಬೆರಕೆಯ ಕೆಲಸ ಒಪ್ಪಿಸಿ ಹತ್ತು ವರ್ಷವಾಗಿದೆ. ಆದರೆ ಕಳೆದ ವರ್ಷದ ಬೆರಕೆ ಒಗರೆಂದು ಯಾರೂ ಕೊಳ್ಳಲಿಲ್ಲ. ಅದು ಹೆಸರಿಲ್ಲದೆ ಟ್ಯಾಂಕರಿನಲ್ಲಿ ಬೇರೆ ಕಂಪನಿಗೆ ಹೋಯಿತು. ಈ ಸಲವೂ ಹಾಗಾದರೆ ಹೊರಗಿನವರನ್ನು ಕರೆಸುವುದಾಗಿ ಗಂಗಾಧರ್ ಹೇಳಿದ್ದಾರೆ. ಆಗ ಚಿಕ್ಕಣ್ಣನಿಗೆ ಮತ್ತೆ ಕಂಬದ ಕೆಲಸ.

ಅವರ ಹೊಟ್ಟೆಯುರಿಗೆ ಇದಲ್ಲ ಕಾರಣ, ತೋಟಕ್ಕೆ ವೈನ್ ಸವಿಯಲು ಬರುವವರಿಗೆ ಅಡುಗೆ ಮಾಡುವ ಕೆಂಪಕ್ಕ. ಕಾಯಿಹಾಲು ಹಾಕಿ ಆಕೆ ಮಾಡುವ ಕೋಳಿಸಾರಿಗೆ ತಿಪಟೂರಿನಿಂದ ಕಾರುಗಳು ಬರುತ್ತವೆ. ಮುಂದಿನ ಹಜಾರದಲ್ಲಿ ವೈನನ್ನು ಅರ್ಧಕ್ಕೆ ಬಿಟ್ಟವರು ಹಿಂದಿನ ಜಗಲಿಯಲ್ಲಿ ಸಾರಿಗೆ ಎರಡು ಸಲ ತಟ್ಟೆ ಒಡ್ಡುತ್ತಾರೆ. ಫೋಟೋ ತೆಗೆಸಿಕೊಳ್ಳುವುದೂ ಆಕೆಯ ಜೊತೆಗೇ. ವೈನ್ ಬೆರೆಸಿದವರು ಯಾರೆಂದು ಕೇಳಿದವರಿಲ್ಲ. ತಮ್ಮ ವೈನನ್ನು ಆಕೆಯ ಊಟದ ಪಕ್ಕ ಇಡಕೂಡದೆಂದು ಚಿಕ್ಕಣ್ಣ ಹಟ ಹಿಡಿದು ಕಟ್ಟುಮಾಡಿದ್ದಾರೆ. ತಾವು ಉಣ್ಣುವುದು ಮನೆಯಿಂದ ತಂದ ಬುತ್ತಿಯನ್ನು.

“ಅವ್ಳ ಸಾರಿನ್ ಪಕ್ಕ ಇಟ್ರೆ ನನ್ ವೈನು ಕೈ ತೊಳ್ಯೋ ನೀರಾಯ್ತದೆ ಕಣ್ರೀ,” ಎನ್ನುತ್ತಾರೆ. ನಗುವುದಿಲ್ಲ.

ಮಧ್ಯಾಹ್ನ ಬೆಂಗಳೂರಿನ ಹೋಟೆಲೊಂದರ ಪರವಾಗಿ ವೈನ್ ಕೊಳ್ಳುವ ಶಿಲ್ಪ ಬರುತ್ತಾರೆ. ನಾಲ್ಕನೆಯ ಬೆರಕೆಯನ್ನು ಬಾಯಿಗಿಟ್ಟು ಹುಬ್ಬು ಗಂಟಿಕ್ಕುತ್ತಾರೆ. “ವಾಸನೆ ಚೆನ್ನಾಗಿದೆ. ಒಗರು ಜಾಸ್ತಿಯಾಯ್ತು.”

ಗಂಗಾಧರ್ ಚಿಕ್ಕಣ್ಣನ ಮುಖ ನೋಡುತ್ತಾರೆ. ಸಾರಿನ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದ ಕೆಂಪಕ್ಕನಿಗೆ ತಡೆಯಲಾಗುವುದಿಲ್ಲ.

“ಬಾಯ್ತುಂಬ ಕೊಬ್ಬರಿ ಇಟ್ಕಂಡು ರುಚಿ ನೋಡಿದ್ರೆ ಕಲ್ಲೂ ನುಣ್ಣಗಾಯ್ತದೆ ಕಣ್ ಚಿಕ್ಕಣ್ಣ! ಅವ್ರ್ ಬಾಯಾಗೆ ಕೊಬ್ಬರಿ ಎಲ್ಲೈತೆ?”

“ನೀನು ಒಲೆ ನೋಡ್ಕಳೇ.”

“ಒಲೆ ಆರ್ಸೇ ಬಂದಿವ್ನಿ ಬುಡು.” ಬಟ್ಟಲನ್ನು ಶಿಲ್ಪ ಅವರ ಮುಂದಿಡುತ್ತಾರೆ. “ಇದ್ರಾಗೂ ಕಾಯಿಹಾಲೈತೆ. ಒಂದು ಚಮಚ ಉಂಡು ಆಮ್ಯಾಕೆ ಕುಡೀರವ್ವ.”

ಶಿಲ್ಪ ಹಾಗೆಯೇ ಮಾಡುತ್ತಾರೆ. ಹುಬ್ಬು ಸಡಿಲವಾಗುತ್ತದೆ. ಇನ್ನೊಂದು ಚಮಚ, ಇನ್ನೊಂದು ಗುಟುಕು. “ಇದು ಬೇರೆಯದೇ ವೈನ್! ಹೋಟೆಲಲ್ಲಿ ಇಂಥ ಸಾರಿನ ಜೊತೆಗೇ ಬಡಿಸ್ತೀವಿ, ಅಷ್ಟೂ ವೈನ್ ನಮಗೇ ಬೇಕು.”

ಚಿಕ್ಕಣ್ಣ ಎದ್ದು ಹೋಗಿ ನೀರಿನಿಂದ ಬಾಯಿ ಮುಕ್ಕಳಿಸಿ ಬರುತ್ತಾರೆ. ಮೊದಲು ಬರೀ ವೈನ್ ಸವಿದು ಮುಖ ಹಿಂಡುತ್ತಾರೆ. ಆಮೇಲೆ, ಹತ್ತು ವರ್ಷದಲ್ಲಿ ಮೊದಲ ಬಾರಿಗೆ, ಕೆಂಪಕ್ಕನ ಸಾರಿಗೆ ಚಮಚ ಅದ್ದುತ್ತಾರೆ, ಮೇಲೊಂದು ಗುಟುಕು. ಬಟ್ಟಲು ಬರಿದಾಗುತ್ತದೆ.

ಸಂಜೆ ಸೀಸೆಗಳಿಗೆ ಹೆಸರಿನ ಚೀಟಿ ಅಚ್ಚು ಹಾಕಿಸಲು ಗಂಗಾಧರ್ ಫೋನ್ ಮಾಡುತ್ತಾರೆ. ಚಿಕ್ಕಣ್ಣನ ಕೆಲಸ ಉಳಿದಿದೆ. ಕೆಂಪಕ್ಕ ಪಾತ್ರೆ ತೊಳೆಯುತ್ತಲೇ ಕೂಗುತ್ತಾರೆ: “ಏನ್ ಚಿಕ್ಕಣ್ಣ, ಸಾರು ಚೆನ್ನಾಗೈತೆ ಅನ್ನೋ ಒಂದ್ ಮಾತು ನಿನ್ನಿಂದ ಬಾಕಿ ಐತಲ್ಲ?”

“ಮುಂದಿನ್ ವರ್ಷ ನಿನ್ ಸಾರಿಲ್ದೇನೇ ಒಪ್ಪೋ ಅಂಥ ವೈನ್ ಮಾಡ್ತೀನಿ,” ಎನ್ನುತ್ತಾರೆ ಚಿಕ್ಕಣ್ಣ, ಪೀಪಾಯಿಯ ಬಿರಟೆ ಬಿಗಿಯುತ್ತ. “ಅವತ್ತು ಹೇಳ್ತೀನಿ. ಅಲ್ಲೀಗಂಟ ಬಾಕಿ ಇರ್ಲಿ.”