ಎರಕದ ಪಿಸ್ಟನ್, ಬಡಿದ ಪಿಸ್ಟನ್, ಕಾಕಾನ ಲಗ್ನ

ಲಿಂಗಸುಗೂರಿನ ನಮ್ಮ ಮನೆಯ ಕಟ್ಟೆಯ ಮೇಲೆ ಇಡೀ ಒಂದು ವಾರ ಎರಡು ಸೆಟ್ ಪಿಸ್ಟನ್‌ಗಳು ಎದುರುಬದುರು ಕೂತಿದ್ದವು, ಮುನಿಸಿಕೊಂಡ ಬೀಗರ ಹಾಗೆ. ಒಂದು ಎರಕದ್ದು, ಇನ್ನೊಂದು ಬಡಿದು ಮಾಡಿದ್ದು. ನಡುವೆ ನಮ್ಮ ಕಾಕಾ, ಅಪ್ಪನ ತಮ್ಮ, ಊಟ ಮರೆತು ಕುಕ್ಕರಗಾಲಲ್ಲಿ.

ನಿಜಾಮರ ಕಾಲ. ನಾನು ಸಿಕಂದರಾಬಾದಿನ ಕಾನ್ವೆಂಟಿನಿಂದ ಕ್ರಿಸ್‌ಮಸ್ ರಜೆಗೆ ಬಂದಿದ್ದೆ. ಬಾಗಿಲಲ್ಲಿ ನಿಂತವರಿಗೆಲ್ಲ ‘ಎಕ್ಸ್‌ಕ್ಯೂಸ್ ಮಿ’ ಅಂದು ಬೈಸಿಕೊಳ್ಳುತ್ತಿದ್ದ ವಯಸ್ಸು. ಆ ವರ್ಷ ಮುದಗಲ್ ರಸ್ತೆಯಲ್ಲಿ ಯಾರದೋ ಮೋಟಾರು ಕಾಕಾನ ಹಳೆಯ ಮೋಟಾರಿಗೆ ಧೂಳು ತಿನ್ನಿಸಿ ಮುಂದೆ ಹೋಗಿತ್ತು. ಅಂದಿನಿಂದ ಅವನಿಗೆ ಒಂದೇ ಹುಚ್ಚು, ಸ್ಪೀಡ್. ಇಂಜಿನ್ ಪೂರ್ತಿ ಬಿಚ್ಚಿ ಹಾಕಿದ್ದ.

“ಎರಡರಾಗ ಫರಕೇನಲೇ?” ಅಂದಳು ಅಜ್ಜಿ.

“ಯವ್ವಾ, ಇದು ಲೋಹ ಕರಗಿಸಿ ಅಚ್ಚಿನ್ಯಾಗ ಹೊಯ್ದದ್ದು. ಅದು ಕಾಸಿ ಬಡಿದದ್ದು.”

“ಬಡಿದದ್ದ ಹಾಕು. ರೊಟ್ಟಿ ಬಡೀದೆ ಹೊಯ್ತಾರೇನು?”

ಇಂಜಿನಿಯರಿಂಗ್ ಡಿಸಿಷನ್ ಅಲ್ಲಿಗೆ ಮುಗಿಯಿತು. ಬಡಿದ ಪಿಸ್ಟನ್‌ಗೆ ಒಂದು ಐಬು ಇತ್ತು, ಕಾಕಾನಿಗೂ ಗೊತ್ತಿತ್ತು. ಕಾದಾಗ ಅದು ಹೆಚ್ಚು ಹಿಗ್ಗುತ್ತದೆ, ಅದಕ್ಕೇ ಸಿಲಿಂಡರಿನಲ್ಲಿ ಸಡಿಲ ಬಿಟ್ಟು ಕೂಡಿಸಬೇಕು. ತಣ್ಣಗಿದ್ದಾಗ ಹಾಗಾಗಿ ಟಕ ಟಕ ಟಕ ಎಂದು ಗೋಡೆಗೆ ಬಡಿಯುತ್ತದೆ. ಬಿಸಿಯಾದರೆ ಗಪ್‌ಚಿಪ್. ಮೊದಲ ಮುಂಜಾನೆ ಇಂಜಿನ್ ಚಾಲೂ ಮಾಡಿದಾಗ ಯಾರೋ ತಗಡಿನ ಡಬ್ಬಿಯಲ್ಲಿ ಅಡಿಕೆ ಕುಟ್ಟಿದ ಹಾಗಿತ್ತು. ಎಮ್ಮೆ ಹಗ್ಗ ಹರಿದುಕೊಂಡು ಓಡಿತು. ಕಾಕಾ ಮಾತ್ರ “ಆಹಾ!” ಅಂದ.

ಅವನ ಆಹಾ ನಿಂತದ್ದು ಸಿಂಧನೂರಿನಿಂದ ಸುದ್ದಿ ಬಂದಾಗ. ಹೆಣ್ಣಿನ ತಂದೆ ಮನೆ ನೋಡಲು ಬರುತ್ತಾರಂತೆ! ಆ ಹುಡುಗಿಯನ್ನು ಕಾಕಾ ಒಂದು ಮದುವೆಯಲ್ಲಿ ನೋಡಿ ಬಂದು, ಆಮೇಲೆ ಮೂರು ಹೊತ್ತೂ ತಲೆ ಬಾಚುತ್ತಿದ್ದ. ಆದರೆ ಆ ತಂದೆ ಹಿಟ್ಟಿನ ಗಿರಣಿಯ ಯಜಮಾನರು. ದಿನವಿಡೀ ಆಯಿಲ್ ಇಂಜಿನ್ ಪಕ್ಕದಲ್ಲೇ ಇದ್ದವರು, ಎಲ್ಲವನ್ನೂ ಕಿವಿಯಿಂದಲೇ ಅಳೆಯುವವರು. ಹಿಂದೊಂದು ಸಂಬಂಧವನ್ನು, ವರನ ಸೈಕಲ್ ಚೈನು ಕಿರ್ ಅಂದಿತೆಂದು ಬಿಟ್ಟಿದ್ದರು. ಎಣ್ಣೆ ಹಾಕದವನು ಹೆಂಡತಿಯನ್ನೇನು ನೋಡಿಕೊಂಡಾನು ಅಂತ.

ಅವರು ಸಂಜೆ ಬಂದು, ಉಂಡು, ಮಲಗಿದರು. ಮುಂಜಾನೆ ಕಾಕಾ ಅವರನ್ನು ಮೋಟಾರಿನಲ್ಲಿ ಸಿಂಧನೂರಿಗೆ ಬಿಡುವುದೆಂದಾಯಿತು. ಹೊರಗೆ ಹಲ್ಲು ಕಟಕಟಿಸುವ ಚಳಿ.

“ಬಾಣಂತಿಗೆ ಕಾಸಿದಂಗ ಕಾಸೋಣು. ಕೆಳಗ ಕೆಂಡದ ಬೋಗುಣಿ ಇಡ್ತೀನಿ,” ಅಂದಳು ಅಜ್ಜಿ.

“ಪೆಟ್ರೋಲ್ ಐತಿಬೇ ಯವ್ವಾ! ಮನಿ ಮುದಗಲ್ ಕೋಟಿ ಮ್ಯಾಲೆ ಹೋಗಿ ಬೀಳತದ!”

ಕಡೆಗೆ ಹಂಡೆಯ ಬಿಸಿನೀರು ರೇಡಿಯೇಟರಿಗೆ ಹೋಯಿತು, ಬಾನೆಟ್ ಮೇಲೆ ಎರಡು ಕೌದಿ ಹೊದಿಸಿದೆವು. ಬೀಗರಾಗಬೇಕಾದವರು ತಣ್ಣೀರಿನಲ್ಲಿ ಮಿಂದು, ಗಡಗಡ ನಡುಗುತ್ತ ಬಂದು ಕೂತರು. ಇಂಜಿನ್ ಮಾತ್ರ ಬೆಚ್ಚಗೆ, ಸದ್ದಿಲ್ಲದೆ ಚಾಲೂ ಆಯಿತು. “ಹೂಂ,” ಅಂದರು ಅವರು. ಕಾಕಾನ ಕಿವಿ ಕೆಂಪಾಯಿತು. ಹೆಣ್ಣು ನೋಡಿ ಬಂದು ವರದಿ ಒಪ್ಪಿಸಲಿ ಎಂದು ನನ್ನನ್ನೂ ಹಿಂದಿನ ಸೀಟಿಗೆ ಹತ್ತಿಸಿದರು, ಕೌದಿಗಳ ಸಮೇತ.

ಮಸ್ಕಿಯವರೆಗೆ ಸ್ವರ್ಗ. ಮಸ್ಕಿಯಲ್ಲಿ ಸಂತೆ. ಅವರಿಗೆ ಪರಿಚಯದವರು ಸಿಕ್ಕರು.

“ಇಳೀರಿ, ಚಾ ಕುಡಿಯೋಣು. ಇಂಜಿನ್ ಯಾಕ ಸುಮ್ಮನ ಓಡಸ್ತೀರಿ? ಬಂದ್ ಮಾಡ್ರಿ.”

ಕಾಕಾ ಬಂದ್ ಮಾಡಿದ, ತನ್ನ ಜೀವವನ್ನೇ ಬಂದ್ ಮಾಡಿದ ಹಾಗೆ. ಚಾ ಮುಗಿಯಿತು, ಜೋಳದ ಧಾರಣೆ ಮುಗಿಯಿತು, ಯಾರದೋ ಎತ್ತಿನ ಹಲ್ಲು ನೋಡಿದ್ದೂ ಆಯಿತು. ಬಯಲುಗಾಳಿ ಬೀಸುತ್ತಲೇ ಇತ್ತು. ತಡೆಯಲಾರದೆ ನಾನು ಬಾನೆಟ್ಟಿಗೆ ಕೌದಿ ಹೊದಿಸುತ್ತಿದ್ದಾಗ ಅವರು ಬಂದೇಬಿಟ್ಟರು.

“ಇದೇನವ್ವಾ ತಂಗೀ?”

ಗಾಬರಿಗೆ ಬಾಯಿಂದ ಇಂಗ್ಲಿಷೇ ಬಂತು. “ಇಟ್ ಈಸ್ ಫೀಲಿಂಗ್ ಕೋಲ್ಡ್, ಸರ್!”

ಕಾಕಾ ಚಾಲೂ ಮಾಡಿದ. ಟಕ ಟಕ ಟಕ ಟಕ! ಸಂತೆಯ ಕುರಿಗಳು ಕಿವಿ ನಿಮಿರಿಸಿದವು. ಗಿರಣಿಯವರು ಕಣ್ಣು ಮುಚ್ಚಿ ಕೇಳಿದರು.

“ಪಿಸ್ಟನ್ನೇನ್ರಿ?”

“ಹೌದ್ರಿ. ಬಡಿದದ್ದು. ತಣ್ಣಗಿದ್ದಾಗ ಗದ್ದಲ ಮಾಡತೈತಿ. ನಿಮಗ ಕೇಳಬಾರದಂತ ಬೆಳಿಗ್ಗೆ ನಿಮ್ಮ ಜಳಕದ ನೀರು ಅದಕ್ಕ ಹಾಕಿದ್ವಿರಿ,” ಅಂದ ಕಾಕಾ, ಒಂದೇ ಉಸಿರಿಗೆ.

“ಎರಕದ್ದು ಹಾಕಿದ್ರ ಈ ಪಂಚಾಯ್ತಿನ ಇರತಿರಲಿಲ್ಲಲ್ಲ?”

“ಎರಕದ್ದು ಸುಮ್ಮನಿರತೈತ್ರಿ. ಆದರ ಜೋರು ಓಡಿಸಿದಾಗ ಒಂದಿನ ಹೇಳದ ಕೇಳದ ಒಡೀತೈತಿ. ಇದು ಮೊದಲ ಒದರತೈತಿ, ಆಮ್ಯಾಲೆ ಕೈ ಬಿಡಂಗಿಲ್ಲ.”

ಅವರು ಬಾನೆಟ್ ಮೇಲಿನ ಕೌದಿ ಮಡಚಿ ನನ್ನ ಕೈಗಿಟ್ಟು ಹತ್ತಿ ಕೂತರು. ಕಾಕಾನ ಕತ್ತಿನ ಹಿಂಭಾಗ ಈಗಲೂ ನನ್ನ ಕಣ್ಣ ಮುಂದಿದೆ, ಆ ಚಳಿಯಲ್ಲೂ ಬೆವರಿಳಿಯುತ್ತಿತ್ತು. ಪೂರ್ ಕಾಕಾ. ಮಸ್ಕಿ ಹಿಂದಾಯಿತು, ಹತ್ತಿ ಹೊಲಗಳು ಬಂದವು, ಸದ್ದು ಸಣ್ಣಗಾಗುತ್ತಾ ಆಗುತ್ತಾ ನಿಂತೇ ಹೋಯಿತು. ಆಗ ಗಿರಣಿಯವರು ಗಂಟಲು ಸರಿಮಾಡಿಕೊಂಡರು.

“ನೀವು ಖರೇ ಹೇಳಿದ್ರಿ. ನಾನೂ ಹೇಳಿಬಿಡತೀನಿ. ನನ್ನ ಮಗಳೂ ಎದ್ದ ಕೂಡಲೇ ಹಿಂಗ. ಮನಿ ಮಂದಿಯೆಲ್ಲ ಕಿವಿ ಮುಚ್ಚಿಕೋಬೇಕು.”

ಕಾಕಾ ಮೆಲ್ಲಗೆ ಕೇಳಿದ, “ಬಿಸಿ ಆದ ಮ್ಯಾಲೆ ಸುಮ್ಮನಾಗತಾರೇನ್ರಿ?”

“ಆಕಿ ಹುಟ್ಟಿದಾಗಿಂದ ಕಾಯಾಕತ್ತೀನಿ ತಮ್ಮಾ,” ಅಂದರು ಅವರು. “ಮುಹೂರ್ತ ನಿಮ್ಮ ಮನ್ಯಾಗ ತೆಗಸ್ತೀರೋ, ನಮ್ಮ ಮನ್ಯಾಗೋ?”

ಕಾಕಾ ಆಕ್ಸಿಲರೇಟರ್ ತಳಮುಟ್ಟ ಒತ್ತಿದ.