ಸಣ್ಣ ದೊಡ್ಡಪ್ಪ ಬೆಟರ್, ದೊಡ್ಡ ದೊಡ್ಡಪ್ಪ ಬೆಸ್ಟ್

ನನಗೆ ಇಬ್ಬರು ದೊಡ್ಡಪ್ಪಂದಿರು. ಹಿರಿಯವನು ದೊಡ್ಡ ದೊಡ್ಡಪ್ಪ, ಅವನಿಗೂ ನಮ್ಮಪ್ಪನಿಗೂ ನಡುವಿನವನು ಸಣ್ಣ ದೊಡ್ಡಪ್ಪ. ಸಣ್ಣದೂ ದೊಡ್ಡದೂ ಒಬ್ಬನೇ ಮನುಷ್ಯನೊಳಗೆ ಹೇಗೆ ಹಿಡಿಸುತ್ತವೆ ಎಂದು ನಮ್ಮಲ್ಲಿ ಯಾರೂ ಕೇಳಿದವರಲ್ಲ. ಕೇಳುವ ಪ್ರಸಂಗ ತಂದಿಟ್ಟದ್ದು ಇಂಗ್ಲಿಷು. ಅದನ್ನು ಮನೆಯೊಳಕ್ಕೆ ಕರೆತಂದದ್ದು ನಾನು.

ಸ್ವಾತಂತ್ರ್ಯ ಬಂದ ಹೊಸತು. ಬಳ್ಳಾರಿ ಇನ್ನೂ ಮದ್ರಾಸಿನ ಕೈಕೆಳಗೇ ಇತ್ತು. ದೊಡ್ಡ ದೊಡ್ಡಪ್ಪ ಸಿರುಗುಪ್ಪದಲ್ಲಿ ಭತ್ತ ಬೆಳೆಯುತ್ತಿದ್ದ. ಅಪ್ಪ ಕುರುಗೋಡಿನಲ್ಲಿ ಅಜ್ಜಿಯ ಜೊತೆ ಇದ್ದುಕೊಂಡು ಜೋಳ, ಹತ್ತಿ ನೋಡಿಕೊಳ್ಳುತ್ತಿದ್ದ. ಸಣ್ಣ ದೊಡ್ಡಪ್ಪನದು ಬಳ್ಳಾರಿಯಲ್ಲಿ ಬಟ್ಟೆ ಅಂಗಡಿ. ಕುರುಗೋಡಿನಲ್ಲಿ ಐದನೆಯ ತರಗತಿ ಮುಗಿಯಿತೆಂದರೆ ನಮ್ಮ ಮನೆಯ ಹೆಣ್ಣುಮಕ್ಕಳ ಓದೂ ಮುಗಿಯಿತು. ನನ್ನದೂ ಮುಗಿದು ಒಂದು ತಿಂಗಳಾಗಿತ್ತು. ಊರಿಗೆ ಬಂದಿದ್ದ ಸಣ್ಣ ದೊಡ್ಡಪ್ಪ, ನಾನು ಬೆಲ್ಲ ಕಟ್ಟಿ ಬಂದ ಕಾಗದವನ್ನು ಬಿಡಿಸಿ ಜೋರಾಗಿ ಓದುತ್ತಿದ್ದುದನ್ನು ಕಂಡು, ಇವಳು ನಮ್ಮ ಮನೆಯಲ್ಲಿದ್ದು ಓದಲಿ ಎಂದ. ಆ ಒಂದು ಮಾತಿನ ಮೇಲೆ ನನ್ನ ಶಾಲೆ ನಿಂತಿತ್ತು. ಅವನ ಮನಸ್ಸು ತಿರುಗಿದ ದಿನ ಶಾಲೆಯೂ ಹೋಯಿತು ಎಂದೇ ಲೆಕ್ಕ. ಮನಸ್ಸು ತಿರುಗುವುದಕ್ಕೆ ಪೂರ್ತಿ ಒಂದೂವರೆ ವರ್ಷ ಹಿಡಿಯಿತು, ಅದಕ್ಕೆ ಕಾರಣವಾದದ್ದು ನನ್ನದೇ ಮೂರು ವಾಕ್ಯ.

ಮಾತು ಅನ್ನುವುದನ್ನು ನಾನು ಕಲಿತದ್ದು ಅಜ್ಜಿಯಿಂದ. ಒಂದನ್ನು ಇನ್ನೊಂದಕ್ಕೆ ಹೋಲಿಸಿ ಹೇಳಲು ಅಜ್ಜಿಗೆ ಬೇರೆ ಪದ ಬೇಕಾಗುತ್ತಿರಲಿಲ್ಲ, ಇದ್ದ ಪದವನ್ನೇ ಎಳೆಯುತ್ತಿದ್ದಳು. ‘ದೂರ’ ಎಂದರೆ ಸೇದುವ ಬಾವಿ. ‘ದೂಽರ’ ಎಂದರೆ ಗುಡ್ಡದ ಹಿಂದಿನ ಹೊಲ. ಕಣ್ಣು ಮುಚ್ಚಿ, ಕುತ್ತಿಗೆ ಮೇಲೆತ್ತಿ ‘ದೂಽಽಽರ’ ಎಂದಳೆಂದರೆ ಅದು ಮದ್ರಾಸು. ಮೆಣಸಿನಕಾಯಿಗೆ ಮಾತ್ರ ಬೇರೆ ಕ್ರಮ. ‘ಖಾರ’ ಮೊದಲು, ‘ಖಾರಂದ್ರ ಖಾರ’ ಆಮೇಲೆ, ಮೂರನೆಯದಕ್ಕೆ ಮಾತೇ ಇಲ್ಲ, ನೀರಿನ ತಂಬಿಗೆಯ ಕಡೆಗೆ ಕೈಸನ್ನೆ. ಇದರಲ್ಲಿ ನಾನು ಪಳಗಿಬಿಟ್ಟಿದ್ದೆ.

ಬಳ್ಳಾರಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ನಮಗೆ ಇಂಗ್ಲಿಷು ಹೇಳಿಕೊಡುತ್ತಿದ್ದ ಟೀಚರಮ್ಮ ಆದೋನಿ ಕಡೆಯವರು. ಮನೆಮಾತು ತೆಲುಗು, ಕನ್ನಡ ಬಳ್ಳಾರಿಗೆ ಬಂದು ಕಲಿತದ್ದು. ಸೆಕೆಂಡ್ ಫಾರಮ್ಮಿನಲ್ಲಿ, ಅಂದರೆ ಏಳನೆಯ ತರಗತಿಯಲ್ಲಿ, ಒಂದು ದಿನ ಮೂವರು ಹುಡುಗಿಯರನ್ನು ಎತ್ತರದ ಪ್ರಕಾರ ನಿಲ್ಲಿಸಿದರು. ಮೊದಲನೆಯವಳನ್ನು ಮುಟ್ಟಿ ‘ಟಾಲ್’ ಎಂದರು. ಎರಡನೆಯವಳನ್ನು ತೋರಿಸಿ, ಇವಳು ಅವಳಿಗಿಂತ ಎತ್ತರ, ಏನೆನ್ನಬೇಕು ಎಂದು ನನ್ನನ್ನು ಎಬ್ಬಿಸಿದರು. ನಾನು ‘ಟಾಽಲ್’ ಎಂದೆ. ಮೂರನೆಯವಳಿಗೆ ಕಣ್ಣು ಮುಚ್ಚಿ, ಕುತ್ತಿಗೆ ಎತ್ತಿ ‘ಟಾಽಽಽಲ್’ ಎಂದೆ. ಅಜ್ಜಿ ಕಲಿಸಿದ್ದರಲ್ಲಿ ಎಳ್ಳಷ್ಟೂ ಕಡಿಮೆ ಮಾಡಲಿಲ್ಲ. ಟೀಚರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬೋರ್ಡಿನ ಕಡೆ ತಿರುಗಿ ನಿಂತವರು ಎಷ್ಟು ಹೊತ್ತಾದರೂ ಈ ಕಡೆ ತಿರುಗಲಿಲ್ಲ. ಹಿಂದಿನ ಸಾಲಿನವರು ಮುಂದೆ ಒಂದು ವಾರ ನನ್ನನ್ನು ಆ ಮೂರನೆಯ ಟಾಲ್ ಎಂದೇ ಕರೆದರು. ತರಗತಿಯಲ್ಲಿ ನನಗಿಂತ ಗಿಡ್ಡಗಿದ್ದದ್ದು ಕುರ್ಚಿ ಒಂದೇ.

ಇಂಗ್ಲಿಷಿನವರು ಪದವನ್ನು ಎಳೆಯುವುದಿಲ್ಲ, ಅದಕ್ಕೆ ಬಾಲ ಕಟ್ಟುತ್ತಾರೆ ಎಂದು ಆಮೇಲೆ ತಿಳಿಯಿತು. ಒಂದು ‘ಅರ್’, ಇನ್ನೊಂದು ‘ಎಸ್ಟ್’. ಬಾಲ ಕೈಗೆ ಸಿಕ್ಕ ಮೇಲೆ ನಾನು ಕಂಡಕಂಡದ್ದಕ್ಕೆಲ್ಲ ಕಟ್ಟಿದೆ. ‘ಗುಡ್’ ಎಂದು ಬರೆದು ಮುಂದೆ ಹೇಳು ಎಂದಾಗ ‘ಗುಡ್ಡರ್, ಗುಡ್ಡೆಸ್ಟ್’ ಎಂದೆ. ಇಡೀ ತರಗತಿ ಕಿಟಕಿಯಾಚೆ ಕೋಟೆ ಗುಡ್ಡವನ್ನು ನೋಡಿತು. ಗುಡ್ಡೆಸ್ಟ್ ಅದೇ ಎನ್ನುವುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಈ ಪದ ಬಾಲ ಕಟ್ಟಿಸಿಕೊಳ್ಳುವುದಿಲ್ಲ, ಮೈಯನ್ನೇ ಬದಲಾಯಿಸುತ್ತದೆ ಎಂದು ಟೀಚರಮ್ಮ ಹೇಳಿಕೊಟ್ಟರು. ಗುಡ್, ಬೆಟರ್, ಬೆಸ್ಟ್.

ಮನೆಯಲ್ಲಿ ಇದು ದೊಡ್ಡವ್ವನಿಗೆ ಬಹಳ ಹಿಡಿಸಿತು. ದೊಡ್ಡವ್ವ ಎಂದರೆ ಸಣ್ಣ ದೊಡ್ಡಪ್ಪನ ಹೆಂಡತಿ. ಇಂಗ್ಲಿಷಿನ ಒಂದಕ್ಷರ ಬಾರದವಳು. ಎರಡೇ ದಿನದಲ್ಲಿ ಬಾಲದ ಮರ್ಮ ಹಿಡಿದುಬಿಟ್ಟಳು. ನಾನು ಬೇಳೆ ಸಪ್ಪಗಿದೆ ಎಂದರೆ, "ನಿಂಗ ಸಪ್ಪರ್ರು, ನಿಮ್ಮ ದೊಡ್ಡಪ್ಪಗ ಉಪ್ಪೆಸ್ಟು. ಸುಮ್ಮನ ಉಣ್ಣು" ಅನ್ನುವಳು.

ಅಷ್ಟರಲ್ಲಿ ಶಾಲೆಯ ತನಿಖೆಗೆ ಇನ್ಸ್‌ಪೆಕ್ಟ್ರೆಸ್ ಬರುತ್ತಾರೆಂದು ಸುದ್ದಿಯಾಯಿತು. ಅಂದು ಮಕ್ಕಳ ಮನೆಯವರನ್ನೂ ಕರೆಯುವುದೆಂದಾಯಿತು. ನನ್ನ ಕುಟುಂಬ ಎಂಬ ವಿಷಯ ಕೊಟ್ಟು, ಕಲಿತ ಮೂರೂ ರೂಪ ಬರುವಂತೆ ಬರೆಯಿರಿ ಎಂದರು. ನಾನು ಬರೆದೆ: ‘ಮೈ ಫಾದರ್ ಈಸ್ ಎ ಗುಡ್ ಮ್ಯಾನ್. ಮೈ ಸ್ಮಾಲ್ ಬಿಗ್ ಫಾದರ್ ಈಸ್ ಎ ಬೆಟರ್ ಮ್ಯಾನ್. ಮೈ ಬಿಗ್ ಬಿಗ್ ಫಾದರ್ ಈಸ್ ದಿ ಬೆಸ್ಟ್ ಮ್ಯಾನ್.’ ಇದರಲ್ಲಿ ನನ್ನ ಒಲವು ಏನೇನೂ ಇರಲಿಲ್ಲ. ಊಟಕ್ಕೆ ಕೂರಿಸುವಾಗ ವಯಸ್ಸಿನ ಪ್ರಕಾರ ಎಲೆ ಹಾಕುತ್ತಾರಲ್ಲ, ಹಾಗೆ ಹಾಕಿದ್ದೆ. ತೆಲುಗಿನಲ್ಲೂ ಅಪ್ಪನ ಅಣ್ಣ ಪೆದ್ದನಾನ್ನ, ತಮ್ಮ ಚಿನ್ನಾನ್ನ, ಅಂದರೆ ದೊಡ್ಡ ಅಪ್ಪ, ಚಿಕ್ಕ ಅಪ್ಪ. ಹೀಗಾಗಿ ಸ್ಮಾಲ್ ಬಿಗ್ ಫಾದರಿನಲ್ಲಿ ಟೀಚರಮ್ಮನಿಗೆ ತಪ್ಪೇ ಕಾಣಲಿಲ್ಲ. ಸಲೀಸಾಗಿ ಓದಿ, ಇನ್ಸ್‌ಪೆಕ್ಟ್ರೆಸ್ ಮುಂದೆ ಒಪ್ಪಿಸುವವಳು ನೀನೇ ಎಂದರು.

ಭಾನುವಾರ ಮಧ್ಯಾಹ್ನ ಸಣ್ಣ ದೊಡ್ಡಪ್ಪ ಊಟಕ್ಕೆ ಬಂದಾಗ ಹಿಗ್ಗಿನಿಂದ ಎದುರು ನಿಂತು ಓದಿದೆ. ಒಂದೊಂದಕ್ಕೂ ಕನ್ನಡದಲ್ಲಿ ಅರ್ಥ ಹೇಳಿದೆ. ಅವನು ತುತ್ತು ಎತ್ತಿದವನು ಹಾಗೇ ನಿಲ್ಲಿಸಿದ.

"ಬೆಸ್ಟ್ ಅಂದ್ರ ನನಗ ಗೊತ್ತೈತಿ, ಮ್ಯಾಲಿನ ಹಲಗಿ ಮಾಲು. ಬೆಟರ್ ಅಂದ್ರ ಯಾವ ಹಲಗಿ?"

"ನಡುವಿನದು, ದೊಡ್ಡಪ್ಪ."

ಅವನ ಅಂಗಡಿಯಲ್ಲಿ ಬಟ್ಟೆ ಇಡುವ ಹಲಗೆಗಳು ಮೂರು. ಮೇಲಿನದರಲ್ಲಿ ಮದುವೆಯ ಜವಳಿ. ಕೆಳಗಿನದರಲ್ಲಿ ಹೊಲದ ಕೆಲಸಕ್ಕೆ ತಾಳುವ ಒರಟು ಬಟ್ಟೆ. ನಡುವಿನದರಲ್ಲಿ ಎರಡು ಒಗೆತಕ್ಕೆ ಬಣ್ಣ ಬಿಡುವ ಮಾಲು. ಮೇಲಿನದು ಕೈಗೆಟುಕದೆ, ಕೆಳಗಿನದು ಕೇಳಲು ನಾಚಿಕೆಯಾಗುವವರಿಗೆಂದು ಇಟ್ಟದ್ದು. ಅದನ್ನು ಕೊಂಡು ಹೋದವರ ಬಗ್ಗೆ ದೊಡ್ಡಪ್ಪನೇ ಮನೆಯಲ್ಲಿ ನಗೆಯಾಡುತ್ತಿದ್ದ. ಇದೆಲ್ಲ ನನಗೆ ಹೊಳೆದದ್ದು ‘ನಡುವಿನದು’ ಎಂದು ಹೇಳಿ ಮುಗಿಸಿದ ಮೇಲೆ.

"ವರ್ಷಕ್ಕೊಮ್ಮಿ ಬಂದು ಒಂದು ಚೀಲ ಅಕ್ಕಿ ಇಳಿಸಿ ಹೋಗಾವ ಮ್ಯಾಲಿನ ಹಲಗಿ. ದಿನಾ ಎದುರಿಗೆ ಕುಂದ್ರಿಸಿಕೊಂಡು ಉಣ್ಣಾವ ನಡುವಿನ ಹಲಗಿ. ಆತು ಬಿಡು," ಎಂದು ಕೈತೊಳೆದುಕೊಂಡು ಎದ್ದುಹೋದ.

ಎರಡು ದಿನ ಮಧ್ಯಾಹ್ನದ ಊಟವನ್ನು ಅಂಗಡಿಗೇ ತರಿಸಿಕೊಂಡ. ಮೂರನೆಯ ದಿನ ನನಗೆ ಕೇಳಿಸುವಂತೆ ದೊಡ್ಡವ್ವನಿಗೆ ಹೇಳಿದ: ಇನ್ಸ್‌ಪೆಕ್ಟ್ರೆಸ್ ಬರುವ ದಿನ ತಾನೂ ಶಾಲೆಗೆ ಬಂದು ಹಿಂದೆ ಕೂರುವನು. ಹುಡುಗಿ ಅಲ್ಲಿಯೂ ಬೆಟರ್ ಎಂದಳೋ, ಮರುದಿನವೇ ಸಿರುಗುಪ್ಪದ ಬಸ್ಸು ಹತ್ತಿಸುವನು, ಬೆಸ್ಟ್ ಇದ್ದವರೇ ಇಟ್ಟುಕೊಳ್ಳಲಿ. ಸಿರುಗುಪ್ಪದಲ್ಲಿ ಬೇಕಾದಷ್ಟು ಅಕ್ಕಿ ಇತ್ತು. ನನ್ನಂಥವಳನ್ನು ಸೇರಿಸಿಕೊಳ್ಳುವ ಇಂಗ್ಲಿಷ್ ಶಾಲೆ ಇರಲಿಲ್ಲ.

ನಾನು ಅಳುತ್ತ ಹೋಗಿ, ನಿನ್ನನ್ನೇ ಬೆಸ್ಟ್ ಮಾಡುತ್ತೇನೆ, ದೊಡ್ಡ ದೊಡ್ಡಪ್ಪನನ್ನು ಬೆಟರ್‌ಗೆ ಇಳಿಸುತ್ತೇನೆ ಎಂದೆ. ಅದಕ್ಕೂ ಅವನು ಒಪ್ಪಲಿಲ್ಲ. ಒಡಹುಟ್ಟಿದ ಅಣ್ಣ. ಅವನು ಎದುರಿಗೆ ಬಂದರೆ ಇವನು ಇವತ್ತಿಗೂ ಜಗುಲಿಯಿಂದ ಇಳಿದು ನಿಲ್ಲುವವನು.

"ಅಣ್ಣನ್ನ ಕೆಳಗ ಇಳಿಸಬ್ಯಾಡ. ನನ್ನ ಮ್ಯಾಲ ಏರಿಸು. ಬೆಸ್ಟ್ ಆದ ಮ್ಯಾಲ ಏನೈತಿ, ಅದನ್ನ ಕೇಳಿಕೊಂಡು ಬಾ."

ಮರುದಿನ ಗಂಟೆ ಹೊಡೆಯುವ ಮೊದಲೇ ಹೋಗಿ ಟೀಚರಮ್ಮನನ್ನು ಕೇಳಿದೆ. ಬೆಸ್ಟರ್ ಇದೆಯೇ? ಇಲ್ಲ. ಬೆಸ್ಟೆಸ್ಟ್? ಅದೂ ಇಲ್ಲ. "ಬೆಸ್ಟ್ ಆದ ಮೇಲೆ ಏನೂ ಲೇದಮ್ಮಾ," ಎಂದರು. "ಅಲ್ಲಿಗೆ ಇಂಗ್ಲಿಷು ಅಯಿಪೋಯಿಂದಿ." ಇಂಗ್ಲಿಷು ಅಲ್ಲಿಗೇ ಮುಗಿಯಿತಂತೆ. ನಮ್ಮ ಭಾಷೆಯಲ್ಲಾದರೆ ಯಾರನ್ನು ಎಷ್ಟು ಮೇಲೆ ಕೂರಿಸಿದರೂ ‘ಅವನಿಗಿಂತ’ ಎಂದು ಇನ್ನೊಬ್ಬನನ್ನು ಹತ್ತಿಸಬಹುದು. ಇಷ್ಟು ದೊಡ್ಡ ರಾಜ್ಯ ಆಳಿದವರ ಭಾಷೆಗೆ ಮೂರೇ ಮೆಟ್ಟಿಲೇ ಎಂದು ನನಗೆ ಸಿಟ್ಟೇ ಬಂತು. ಹಾಗಾದರೆ ಇಬ್ಬರು ಬೆಸ್ಟ್ ಆಗಬಹುದೇ ಎಂದೆ. ಅವರು ಹಾಜರಿ ಪುಸ್ತಕ ಎತ್ತಿಕೊಂಡು, ಒಂದು ಊರಿಗೆ ಒಬ್ಬರೇ ಬೆಸ್ಟ್ ಎಂದು ಹೇಳಿ ಹೊರಟುಹೋದರು.

ನಾನು ಅಲ್ಲೇ ನಿಂತೆ. ನಮ್ಮಪ್ಪ ಕುರುಗೋಡು, ಒಬ್ಬ ದೊಡ್ಡಪ್ಪ ಬಳ್ಳಾರಿ, ಇನ್ನೊಬ್ಬ ಸಿರುಗುಪ್ಪ. ದೇವರು ಮೂವರನ್ನೂ ಬೇರೆ ಬೇರೆ ಊರಲ್ಲಿ ಇಟ್ಟದ್ದು ವ್ಯಾಕರಣಕ್ಕೆಂದೇ ಇರಬೇಕು ಅನ್ನಿಸಿತು.

ಆ ದಿನ ಬಂತು. ಹಿಂದಿನ ಬೆಂಚಿನಲ್ಲಿ ಸಣ್ಣ ದೊಡ್ಡಪ್ಪ ತಲೆಗೆ ರುಮಾಲು ಸುತ್ತಿ, ಇಸ್ತ್ರಿಯ ಕೋಟು ಹಾಕಿಕೊಂಡು ಕುಳಿತಿದ್ದ. ಅವನ ಪಕ್ಕದಲ್ಲಿ ಇನ್ನೊಂದು ರುಮಾಲು. ನೋಡಿದರೆ ದೊಡ್ಡ ದೊಡ್ಡಪ್ಪ. ಬೆಳಗಿನ ಬಸ್ಸಿಗೆ ಅಕ್ಕಿ ಚೀಲದ ಜೊತೆ ಬಂದು ಇಳಿದವನು, ಕೋಟು ಹಾಕಿಕೊಂಡು ತಮ್ಮ ಎಲ್ಲಿಗೆ ಹೊರಟ ಎಂದು ತಾನೂ ಹಿಂದೆ ಬಂದಿದ್ದ. ಅವನಿಗೆ ಈ ಜಗಳದ ಸುಳಿವೇ ಇಲ್ಲ.

ಇನ್ಸ್‌ಪೆಕ್ಟ್ರೆಸ್ ಫ್ರಾಕು ತೊಟ್ಟ ಆಂಗ್ಲೋ-ಇಂಡಿಯನ್ ಹೆಂಗಸು, ಮದ್ರಾಸಿನಿಂದ ಬಂದವರು. ಕನ್ನಡವೂ ಬಾರದು, ತೆಲುಗೂ ಬಾರದು. ನಾನು ಕೈಕಟ್ಟಿ ನಿಂತು ಒಪ್ಪಿಸಿದೆ. ಮೈ ಫಾದರ್ ಕುರುಗೋಡಿನಲ್ಲಿ ಬೆಸ್ಟ್, ಮೈ ಸ್ಮಾಲ್ ಬಿಗ್ ಫಾದರ್ ಬಳ್ಳಾರಿಯಲ್ಲಿ ಬೆಸ್ಟ್, ಮೈ ಬಿಗ್ ಬಿಗ್ ಫಾದರ್ ಸಿರುಗುಪ್ಪದಲ್ಲಿ ಬೆಸ್ಟ್. ‘ದಿ’ ಎಲ್ಲಿ ಬರಬೇಕೋ ಅಲ್ಲಿ ಬಂತು, ‘ಇನ್’ ಎಲ್ಲಿ ಬರಬೇಕೋ ಅಲ್ಲಿ ಬಂತು. ಸಣ್ಣ ದೊಡ್ಡಪ್ಪ ಬಳ್ಳಾರಿ ಎನ್ನುವುದನ್ನೂ ಬೆಸ್ಟ್ ಎನ್ನುವುದನ್ನೂ ಒಂದೇ ಉಸಿರಿನಲ್ಲಿ ಕೇಳಿ ಮೀಸೆಯ ಮೇಲೆ ಕೈಯಾಡಿಸಿದ. ಬದುಕಿದೆ ಎಂದುಕೊಂಡೆ.

ಆ ಹೆಂಗಸು ಪೆನ್ನು ಕೆಳಗಿಟ್ಟು, ಮಗೂ, ನಿನಗೆ ಎಷ್ಟು ಜನ ಅಪ್ಪಂದಿರು ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ತ್ರೀ, ಮೇಡಂ," ಎಂದೆ.

ಟೀಚರಮ್ಮ ಓಡಿ ಬಂದು ಕಿವಿಯಲ್ಲಿ ಏನೋ ಹೇಳಿದರು. ಹಾಗಲ್ಲ, ಇವರಿಬ್ಬರೂ ಅಂಕಲ್ ಎಂದಿರಬೇಕು. ಆ ಹೆಂಗಸಿನ ತುಟಿ ಅದುರುತ್ತಿತ್ತು. ನಗು ತಡೆದುಕೊಂಡು ಇನ್ನೊಂದು ಪ್ರಶ್ನೆ ಹಾಕಿದರು: ಈ ಮೂವರಲ್ಲಿ ಬೆಸ್ಟ್ ಯಾರು?

ನಾನು ಊರೂರಿಗೆ ಹಾಕಿದ್ದ ಬೇಲಿಯನ್ನೆಲ್ಲ ಆಕೆ ಒಂದೇ ಮಾತಿನಲ್ಲಿ ಕಿತ್ತುಹಾಕಿದ್ದರು. ಹಿಂದಿನ ಬೆಂಚಿನಲ್ಲಿ ಎರಡು ರುಮಾಲುಗಳು ಒಟ್ಟಿಗೆ ಮುಂದಕ್ಕೆ ಬಾಗಿದವು. ಬೆಸ್ಟ್ ಎಂಬ ಪದ ಸಿರುಗುಪ್ಪದವನಿಗೂ ಗೊತ್ತಿತ್ತು. ಒಬ್ಬನ ಹೆಸರು ಹೇಳಿದರೆ ಇನ್ನೊಬ್ಬ ಮುನಿಯುತ್ತಾನೆ. ಅಪ್ಪನೆಂದರೆ ಇಬ್ಬರೂ. ಇವರಿಬ್ಬರೂ ಎದುರು ಮಾತಾಡಲಾಗದವರು ಯಾರಿದ್ದಾರೆ ಎಂದು ಹುಡುಕುತ್ತ ಹುಡುಕುತ್ತ ನನ್ನ ಬಾಯಿಗೆ ಬಂದದ್ದು ಒಂದೇ.

"ಮೈ ಬಿಗ್ ಮದರ್, ಮೇಡಂ."

ಮೂವರು ಗಂಡಸರಲ್ಲಿ ಒಬ್ಬ ಹೆಂಗಸು ಬೆಸ್ಟ್ ಆಗುವುದು ವ್ಯಾಕರಣಕ್ಕೆ ಒಪ್ಪುವ ಮಾತಲ್ಲ. ಅದನ್ನು ಆಕೆ ವಿವರಿಸಲು ಹೊರಟು, ಆಗದೆ, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಟೀಚರಮ್ಮ ನನ್ನ ಭುಜ ಒತ್ತಿ ಕೂರಿಸಿದರು.

ಮನೆಗೆ ನಡೆಯುವಾಗ ದೊಡ್ಡ ದೊಡ್ಡಪ್ಪ, ನನ್ನ ಬಗ್ಗೆ ಏನಂದೆ ಎಂದು ಎರಡು ಸಲ ಹೇಳಿಸಿಕೊಂಡ. ಸಿರುಗುಪ್ಪದಲ್ಲಿ ನೀನೇ ಬೆಸ್ಟ್ ಎಂದೆ. ಅವನು ಮುಂದೆ ಹೋದ ಮೇಲೆ ಸಣ್ಣ ದೊಡ್ಡಪ್ಪ ಬಗ್ಗಿ, ಸಿರುಗುಪ್ಪಕ್ಕಿಂತ ಬಳ್ಳಾರಿ ದೊಡ್ಡ ಊರು ಹೌದಲ್ಲ ಎಂದು ಪಿಸುಗುಟ್ಟಿದ. ಬಿಗ್ಗೆಸ್ಟ್ ಎಂದೆ. ಹೆಜ್ಜೆ ಹಗುರಾಯಿತು. ಆದರೂ ಆ ಕೊನೆಯ ಉತ್ತರ ಇಬ್ಬರಿಗೂ ಜೀರ್ಣವಾಗಿರಲಿಲ್ಲ. ಒಳಗೆ ಕಾಲಿಟ್ಟವರೇ ಇಬ್ಬರೂ ಸೇರಿ ದೊಡ್ಡವ್ವನಿಗೆ ದೂರು ಹೇಳಿದರು: ಅಷ್ಟು ಜನರ ಮುಂದೆ ಹುಡುಗಿ ಮೂವರು ಗಂಡಸರನ್ನೂ ಪಕ್ಕಕ್ಕೆ ಸರಿಸಿ ನಿನ್ನನ್ನು ಬೆಸ್ಟ್ ಎಂದಳು.

ದೊಡ್ಡವ್ವ ರೊಟ್ಟಿ ಬಡಿಯುತ್ತಿದ್ದವಳು ತಲೆ ಎತ್ತಲಿಲ್ಲ.

"ಅಷ್ಟು ಸರಿಯಾಗಿ ಕಲಿಸೋ ಸಾಲಿ ಬಿಡಿಸಾಕ ನಿಂತಿದ್ರಲ್ರಿ ನೀವು," ಎಂದಳು ಗಂಡನಿಗೆ.

ದೊಡ್ಡ ದೊಡ್ಡಪ್ಪ ತಿರುಗಿ ತಮ್ಮನನ್ನು ನೋಡಿದ. "ಸಾಲಿ ಯಾರು ಬಿಡಿಸ್ತಾರ್ಲೇ?"

ಸಣ್ಣ ದೊಡ್ಡಪ್ಪ ಕೋಟು ಬಿಚ್ಚುತ್ತಿದ್ದವನು ಒಂದು ತೋಳು ಒಳಗೆ, ಒಂದು ತೋಳು ಹೊರಗೆ ಹಾಗೇ ನಿಂತ.

"ಯಾರೂ ಇಲ್ಲಣ್ಣ," ಎಂದ. "ಈಕಿ ಇನ್ನೂ ನಾಕು ವರ್ಷ ನಮ್ಮನಿಯಾಗ ಇದ್ದು ಓದ್ತಾಳ, ಅದನ್ನ ಹೇಳಾಕತ್ತಾಳ ಅಕಿ."