ರೈಟರ್ ಸಾಂತಪ್ಪನವರ ಕಂದು ನೀರು

ಕರಿಕೆಯ ಸಾಂತಪ್ಪನವರು ಎಸ್ಟೇಟಿನಲ್ಲಿ ಆಳುಗಳ ಹಾಜರಿ, ಲೆಕ್ಕ ನೋಡುತ್ತ ಮೂವತ್ತು ವರ್ಷ ರೈಟರ್ ಆಗಿದ್ದವರು. ನಿವೃತ್ತರಾದರೂ ರೈಟರಿಕೆ ಅವರನ್ನು ಬಿಡಲಿಲ್ಲ. ಮನೆಯ ನಾಯಿಯನ್ನೂ ಹಾಜರಿ ತೆಗೆದುಕೊಳ್ಳುವವರಂತೆಯೇ ಕರೆಯುತ್ತಿದ್ದರು. ಆ ಗತ್ತಿಗೆ ಒಂದು ಕೆಲಸ ಬೇಕಲ್ಲ? ಹಳೆಯ ಕಾಫಿ ಕಣದಲ್ಲಿ ಎರಡು ದುಂಡು ಟಾರ್ಪಾಲ್ ಟ್ಯಾಂಕ್ ಕಟ್ಟಿಸಿ ಸಿಗಡಿ ಮರಿ ಸಾಕತೊಡಗಿದರು. ಬೆಟ್ಟದ ಮೇಲೆ ಸಿಗಡಿಯೇ ಎಂದು ನಕ್ಕವರಿಗೆ, ಸಮುದ್ರವನ್ನು ತಾವೇ ಮಾಡಿಕೊಳ್ಳುವುದಾಗಿ ಹೇಳುತ್ತಿದ್ದರು. ಅವರ ಸಮುದ್ರವೆಂದರೆ ಹೊಳೆನೀರಿಗೆ ಬೆರೆಸಿದ ಒಂದಿಷ್ಟು ಉಪ್ಪು. ಕಡಲಿನ ಉಪ್ಪಿನ ಏಳನೇ ಒಂದು ಪಾಲು ಇದ್ದರೆ ಹೆಚ್ಚು. ಹ್ಯಾಚರಿಯಿಂದ ತಂದ, ರೆಪ್ಪೆಗೂದಲಿನಷ್ಟಿರುವ ಮರಿಗಳನ್ನು ಅದರಲ್ಲಿ ಒಂದು ತಿಂಗಳು ಸಾಕಿ, ದೊಡ್ಡದು ಮಾಡುವ ಕೊಳದವರಿಗೆ ಕೊಡುವುದು.

ಮಾತು ಅವರದು, ದುಡಿಮೆ ಹೆಂಡತಿ ಯಮುನಾ ಅವರದು. ಹೊತ್ತಿಗೆ ಸರಿಯಾಗಿ ತಿಂಡಿ ಹಾಕಿ, ಬೆಲ್ಲ ಕರಗಿಸಿ ಹೊಯ್ಯುವವರು ಆಕೆಯೇ. ಆ ಬೆಲ್ಲ ಮರಿಗಳಿಗಲ್ಲ, ನೀರಿನೊಳಗಿನ ಸೂಕ್ಷ್ಮಜೀವಿಗಳಿಗೆ. ಅವು ಮರಿಗಳ ಹೊಲಸನ್ನು ತಿಂದು ಕಂದು ಹಿಟ್ಟಿನಂತೆ ಬೆಳೆಯುತ್ತವೆ. ಮರಿಗಳು ಆ ಹಿಟ್ಟನ್ನೂ ತಿನ್ನುತ್ತವೆ. ಆದ್ದರಿಂದ ಒಂದು ತಂಡ ಮರಿ ಹೋದರೂ ನೀರು ಚೆಲ್ಲುವಂತಿಲ್ಲ, ಅದರಲ್ಲೇ ಮುಂದಿನ ತಂಡ. ಎರಡು ತಂಡ ಮುಗಿದು ಮರಿಗಳೆಲ್ಲ ಹೋದಾಗ ಎರಡೂ ಟ್ಯಾಂಕಿನ ನೀರು ಹದವಾಗಿ ಕುದಿಸಿದ ಕಷಾಯದಂತಾಗಿತ್ತು.

ಸಾಂತಪ್ಪನವರಿಗೆ ನಾಚಿಕೆಯಾದದ್ದು ಆ ಬಣ್ಣಕ್ಕೆ. ಮೀನುಗಾರಿಕೆ ಇಲಾಖೆಯ ಅಧಿಕಾರಿ ಅಶ್ವಿತಾ ಸೋಮವಾರ ನೋಡಲು ಬರುವವರಿದ್ದರು. ಎಸ್ಟೇಟಿನಲ್ಲಿ ಕಾಫಿ ತೊಳೆಸುವಾಗ ಕೊನೆಯ ನೀರು ತಿಳಿಯಾಗಿ ಹರಿಯುವ ತನಕ ಕೆಲಸದವರನ್ನು ಏಳಗೊಡದ ಮನುಷ್ಯ ಇವರು. ಅಂಥವರ ಮನೆಯಲ್ಲಿ ಇಂಥ ನೀರೇ? ಬುಧವಾರ ಯಮುನಾ ತಂಗಿಯ ಮನೆಗೆ ಹೋದದ್ದೇ ತಡ, ಮೊದಲ ಟ್ಯಾಂಕಿನ ಕೊಳವೆ ಬಿಚ್ಚಿದರು. ಉಪ್ಪುನೀರು ಗದ್ದೆಗೆ ಹೋಗಬಾರದೆಂಬ ಬುದ್ಧಿ ಇತ್ತು, ಕೊಳೆಗುಂಡಿಗೆ ಬಿಟ್ಟರು. ಅಲ್ಲಿಗೆ ಬಿದ್ದ ನೀರನ್ನು ಮತ್ತೆ ಎತ್ತುವಂತಿಲ್ಲ.

ಸಂಜೆ ಯಮುನಾ ಬಂದವರೇ ಚೀಲವನ್ನೂ ಇಳಿಸದೆ ಕೊಳವೆ ಮುಚ್ಚಿದರು.

"ಇದ್ ಕಾಫಿ ಅಲ್ಲ, ತಿಳಿಯಾಗುವಗಂಟ ತೊಳೆಯಕ್ಕೆ. ನಾಳೆ ಮರಿ ಬರ್ತವೆ. ಹೊಸ ನೀರ್‌ಲಿ ಅವುಗಳ ಹೊಲಸು ತಿಂಬಕ್ಕೆ ಯಾರ್ ಇದ್ದಾರೆ, ನೀವಾ?"

ಹೊಸ ನೀರು ಪಳಗಲು ಮೂರು ವಾರ ಬೇಕು. ಮರಿಗಳು ಆಗಲೇ ಚೀಲದೊಳಗೆ ಆಕ್ಸಿಜನ್ ತುಂಬಿಸಿಕೊಂಡು ಹ್ಯಾಚರಿಯಿಂದ ಹೊರಟಿದ್ದವು. ಮೂವತ್ತು ಸಾವಿರ ಜೀವ.

ಉಪಾಯ ಯಮುನಾ ಅವರದೇ. ಹಾಲಿಗೆ ಹೆಪ್ಪು ಹಾಕಿದಂತೆ, ಎರಡನೇ ಟ್ಯಾಂಕಿನ ಹಳೆಯ ನೀರಿನಲ್ಲಿ ಅರ್ಧವನ್ನು ಮೊದಲನೆಯದಕ್ಕೆ ತುಂಬುವುದು. ಎರಡರಲ್ಲೂ ಕಡಿಮೆಬಿದ್ದಷ್ಟಕ್ಕೆ, ಉಪ್ಪು ಬೆರೆಸಿದ ಹೊಳೆನೀರು ಸೇರಿಸುವುದು. ಪಂಪು ಹಾಕಿದರೆ ಕಂದು ಹಿಟ್ಟು ನುಚ್ಚಾಗುತ್ತದೆಂದು ಬಕೆಟ್ಟೇ ಗತಿ. ಯಾರಿಗೂ ತಿಳಿಯಬಾರದೆಂದು ಸಾಂತಪ್ಪನವರು ಆಳು ಕರೆಯಲಿಲ್ಲ, ತಾವೇ ಹೊತ್ತರು. ನಲವತ್ತನೇ ಬಕೆಟ್ಟಿಗೆ ಮುಂಡು ಮೊಣಕಾಲಿಗೇರಿತ್ತು, ಗತ್ತು ಕಣದ ನೆಲಕ್ಕಿಳಿದಿತ್ತು. ಯಮುನಾ ಟ್ಯಾಂಕಿಗೆ ಬೆಲ್ಲದ ನೀರು ಹೊಯ್ದು, ಅವರಿಗೂ ಒಂದು ಲೋಟ ಬೆಲ್ಲದ ಕಾಫಿ ಕೊಟ್ಟರು.

ಗುರುವಾರ ಮರಿ ಬಿಟ್ಟರು. ಮೂರು ದಿನ ಸಾಂತಪ್ಪನವರು ತಿಂಡಿಯ ತಟ್ಟೆಯನ್ನು ನೀರಿನಿಂದ ಎತ್ತಿ ಎತ್ತಿ ನೋಡಿದರು. ಸತ್ತದ್ದು ಬೆರಳೆಣಿಕೆಯಷ್ಟು, ಉಳಿದವು ಪುಟಪುಟ ಹಾರುತ್ತಿದ್ದವು.

ಸೋಮವಾರ ಅಶ್ವಿತಾ ಬಂದು ಎರಡೂ ಟ್ಯಾಂಕಿನ ನೀರನ್ನು ಅಳತೆಯ ಗಾಜಿನಲ್ಲಿ ಹಿಡಿದು ಮೆಚ್ಚಿದರು. ಮೂರನೇ ತಂಡಕ್ಕೂ ಹಳೆಯ ನೀರೆಂದ ಮೇಲೆ ಬಣ್ಣ ಯಾಕೆ ಇಷ್ಟು ತೆಳುವೆಂದು ಕೇಳಿದರು. ಸಾಂತಪ್ಪನವರು ಗಂಟಲು ಸರಿಮಾಡಿಕೊಂಡು, ಪ್ರಯೋಗ ಎಂಬ ಮಾತನ್ನು ನಾಲಿಗೆಯ ತುದಿಗೆ ತಂದರು. ಪಕ್ಕದಲ್ಲಿ ಯಮುನಾ ತಟ್ಟೆ ತೊಳೆಯುತ್ತಿದ್ದರು, ತಲೆ ಎತ್ತಲಿಲ್ಲ.

"ನನ್ನ ತಪ್ಪು ಮೇಡಂ," ಎಂದರು ಸಾಂತಪ್ಪ. "ನೀವು ಬರ್ತೀರಿ ಅಂತ ತೊಳೆದುಬಿಟ್ಟೆ. ಉಳಿಸಿದ್ದು ಇವಳು."

ರೈಟರ್ ಬಾಯಲ್ಲಿ ಆ ಮಾತು ಬಂದದ್ದನ್ನು ಮೂವತ್ತು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಯಮುನಾ ತಟ್ಟೆ ಕೆಳಗಿಟ್ಟರು.

"ಪೂರ್ತಿ ತಪ್ಪಲ್ಲ ಮೇಡಂ, ಮುಕ್ಕಾಲೇ," ಎಂದರು. "ನಾನು ಬರುವಾಗ ಕಾಲು ಟ್ಯಾಂಕ್ ಉಳಿದಿತ್ತು."